‘ಒಂದು’ ಎಲ್ಲಿ ಬೀಳುತ್ತದೆ, ಕೈ ಯಾಕೆ ನೋಯುತ್ತದೆ: ಸಾಲ್ಸಾ ಕಲಿಯುತ್ತಿರುವ ವಡಗಾವಿಯ ಓದುಗರಿಗೆ

ಪ್ರಶ್ನೆ: ನಾನು ಬೆಳಗಾವಿಯ ವಡಗಾವಿಯವಳು, ವಯಸ್ಸು 34, ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಶಿಯನ್. ನಾಲ್ಕು ತಿಂಗಳಿಂದ ಟಿಳಕವಾಡಿಯಲ್ಲಿ ಸಾಲ್ಸಾ ಎಂಬ ಜೋಡಿ ಕುಣಿತದ ಕ್ಲಾಸಿಗೆ ಹೋಗುತ್ತಿದ್ದೇನೆ. ಸರ್ ಬಾಯಲ್ಲಿ ಎಣಿಸುವಾಗ ಹೆಜ್ಜೆ ಸರಿಯಾಗಿ ಬೀಳುತ್ತದೆ. ಹಾಡು ಹಾಕಿ ಎಣಿಕೆ ನಿಲ್ಲಿಸಿದರೆ ಎಲ್ಲಿ ಶುರು ಮಾಡಬೇಕೋ ತಿಳಿಯುವುದಿಲ್ಲ. ತಿಂಗಳ ಕೊನೆಯ ಶನಿವಾರ ಎಲ್ಲರೂ ಸೇರಿ ಕುಣಿಯುವ ‘ಸೋಷಿಯಲ್’ ಇರುತ್ತದೆ. ಅಲ್ಲಿ ಗೋಡೆಗೆ ಆತು ಕೂತು ಎದ್ದು ಬರುತ್ತೇನೆ. ಕ್ಲಾಸಿನಲ್ಲಿ ಐದೈದು ನಿಮಿಷಕ್ಕೆ ಜೊತೆಗಾರರನ್ನು ಬದಲಿಸುತ್ತಾರೆ. ಇದು ನಮ್ಮ ಮನೆಯವರಿಗೆ ಸರಿ ಬರುವುದಿಲ್ಲ. ನನಗೂ ಒಬ್ಬರ ಜೊತೆ ಕುಣಿದ ದಿನ ಮಣಿಕಟ್ಟು ನೋಯುತ್ತದೆ, ಹೇಳಲು ಮುಜುಗರ. 22 ಜನ ಇದ್ದವರು ಈಗ 14 ಆಗಿದ್ದೇವೆ. ಬಿಟ್ಟುಬಿಡಲೇ, ಅಥವಾ ಶನಿವಾರ-ಭಾನುವಾರ ಪುಣೆಗೆ ಹೋಗಿ ಕಲಿಯಲೇ?

ಉತ್ತರ: ಬಿಡಬೇಡಿ. ಪುಣೆಗೂ ಈಗ ಹೋಗಬೇಡಿ. ಕಾರಣ ಹೇಳಲು ಸ್ವಲ್ಪ ಜಾಗ ಬೇಕು. ಮೊದಲು ಕಿವಿಯ ವಿಷಯ ತೆಗೆದುಕೊಳ್ಳುತ್ತೇನೆ. ಅದು ಬಗೆಹರಿದರೆ ಗೋಡೆಗೆ ಆತು ಕೂರುವುದು ಅರ್ಧ ತಾನಾಗಿಯೇ ಹೋಗುತ್ತದೆ.

‘ಒಂದು’, ಅಂದರೆ ಎಣಿಕೆ ಶುರುವಾಗುವ ಜಾಗ, ನಿಮಗೆ ಸಿಗದಿರುವುದು ನಿಮ್ಮ ತಪ್ಪಲ್ಲ. ನಮ್ಮ ಕಿವಿ ಬೆಳೆದದ್ದೇ ಬೇರೆ ರೀತಿ. ಗಣಪತಿ ಮೆರವಣಿಗೆಯಲ್ಲಿ ಢೋಲ್-ತಾಷಾ ಪಥಕ ಬಂದಾಗ ದೊಡ್ಡ ಢೋಲಿನ ಪೆಟ್ಟು ಎಲ್ಲಿ ಬೀಳುತ್ತದೋ ಅಲ್ಲೇ ಕಾಲೂ ಬೀಳುತ್ತದೆ. ಭಜನೆಯಲ್ಲಿ ಎಂಟು ಮಾತ್ರೆಯ ಕೆಹರ್ವಾ ತಾಳ ನಡೆಯುವಾಗ ‘ಧಾ’ ಬಂದರೆ ಸಮ್, ಅಂದರೆ ಮೊದಲ ಮಾತ್ರೆ, ಬಂತು ಎಂದು ಮಕ್ಕಳಿಗೂ ಗೊತ್ತು. ಸಿನಿಮಾ ಹಾಡಿನ ಢೋಲಕ್ಕಿನದೂ ಇದೇ ದಾರಿ. ಎಲ್ಲಕ್ಕಿಂತ ಭಾರವಾದ ಸದ್ದು ಎಂದರೆ ಅದೇ ಒಂದು: ಇದು ನಮ್ಮ ಮೈಯಲ್ಲಿ ಕೂತ ಲೆಕ್ಕ.

ಸಾಲ್ಸಾ ಹಾಡಿನ ಬಾಸ್ ಗಿಟಾರ್ ಈ ಲೆಕ್ಕವನ್ನು ಬೇಕೆಂದೇ ತಪ್ಪಿಸುತ್ತದೆ. ಅದು ಎರಡು ಮತ್ತು ಮೂರರ ನಡುವೆ ಒಂದು ಸಲ ನುಡಿಯುತ್ತದೆ, ನಾಲ್ಕರ ಮೇಲೆ ಇನ್ನೊಂದು ಸಲ ನುಡಿಯುತ್ತದೆ, ಆ ನಾಲ್ಕರ ನಾದವನ್ನೇ ಮುಂದಿನ ಎಣಿಕೆಯ ಮೇಲಕ್ಕೂ ಎಳೆದುಕೊಂಡು ಹೋಗುತ್ತದೆ. ಹೀಗಾಗಿ ‘ಒಂದು’ ಬರುವ ಹೊತ್ತಿಗೆ ಬಾಸ್ ಹೊಸದಾಗಿ ಏನನ್ನೂ ನುಡಿಸುತ್ತಿರುವುದಿಲ್ಲ. ಭಾರದ ಸದ್ದನ್ನು ನಂಬಿ ಕಾಲಿಟ್ಟವರು ಒಂದು ಎಣಿಕೆ ಮುಂಚೆಯೇ ಇಟ್ಟಿರುತ್ತಾರೆ. ನಾನು ಕಂಡ ಹಾಗೆ, ತಾಳದ ಕಿವಿ ಚೆನ್ನಾಗಿರುವವರೇ ಮೊದಮೊದಲು ಹೆಚ್ಚು ತಪ್ಪುತ್ತಾರೆ. ನಮ್ಮ ತಂದೆ ಶಹಾಪುರದ ಭಜನಾ ಮಂಡಳಿಯಲ್ಲಿ ತಬಲಾ ಬಾರಿಸುತ್ತಿದ್ದರು. ಅವರ ಪಕ್ಕದಲ್ಲೇ ಕೂತು ಬೆಳೆದ ನನಗೆ ಈ ಸಂಗೀತದ ‘ಒಂದು’ ಕೈಗೆ ಸಿಗಲು ಐದು ತಿಂಗಳು ಹಿಡಿಯಿತು. ನಿಮಗೆ ನಾಲ್ಕೇ ತಿಂಗಳಾಗಿದೆ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಕೋಂಗಾ. ಎತ್ತರವಾಗಿರುವ, ಅಂಗೈಯಿಂದ ಬಾರಿಸುವ ಆ ಚರ್ಮವಾದ್ಯದ ಮೂಲ ಬಾಜು ನಾಲ್ಕು ಎಣಿಕೆಯದು. ಅದರಲ್ಲಿ ಎದ್ದು ಕೇಳುವ ಸದ್ದು ಎರಡೇ. ಎರಡನೇ ಎಣಿಕೆಯ ಮೇಲೆ ಚಪ್ಪಾಳೆಯಂಥ ಒಣ ಪೆಟ್ಟು: ‘ಟಕ್’. ನಾಲ್ಕನೇ ಎಣಿಕೆ ಬಂದಾಗ ಬಾಯಿ ಬಿಟ್ಟ ಎರಡು ದುಂಡು ಪೆಟ್ಟು, ಒಂದಕ್ಕೊಂದು ಅಂಟಿಕೊಂಡು: ‘ದುಂ-ದುಂ’. ಉಳಿದದ್ದೆಲ್ಲ ಬೆರಳ ತುದಿಯ ಪಿಸುಮಾತು. ಅದನ್ನು ಸದ್ಯ ಬಿಡಿ. ನಿಮ್ಮ ಹೆಜ್ಜೆ ಒಂದು-ಎರಡು-ಮೂರು ಆಗಿ ನಾಲ್ಕರಲ್ಲಿ ನಿಲ್ಲುತ್ತದೆ, ಐದು-ಆರು-ಏಳು ಆಗಿ ಎಂಟರಲ್ಲಿ ನಿಲ್ಲುತ್ತದೆ. ನೀವು ನಿಲ್ಲುವ ಎರಡೂ ಕಡೆ ಕೋಂಗಾ ‘ದುಂ-ದುಂ’ ಎನ್ನುತ್ತದೆ. ಅದು ಮುಗಿದ ಕೂಡಲೇ ಬರುವುದೇ ನಿಮ್ಮ ಹೆಜ್ಜೆಯ ಜಾಗ.

ಕಲಿಯುವ ಕ್ರಮ ಹೇಳುತ್ತೇನೆ. ಮೊದಲ ವಾರ ಕುಣಿಯಲೇಬೇಡಿ. ರೊಟ್ಟಿ ಬಡಿಯುವಾಗಲೋ ಬಸ್ಸಿನಲ್ಲಿ ಬರುವಾಗಲೋ ಒಂದೇ ಹಾಡನ್ನು ಮತ್ತೆ ಮತ್ತೆ ಕೇಳಿ, ದುಂ-ದುಂ ಬಂದಾಗ ಎರಡು ಬೆರಳು ತಟ್ಟಿ. ನೀವು ವಡಗಾವಿಯವರು. ನಿಮ್ಮ ಓಣಿಯಲ್ಲಿ ಪವರ್‌ಲೂಮಿನ ಸದ್ದು ಹೊಸದಲ್ಲ. ಹತ್ತು ಮಗ್ಗ ಒಟ್ಟಿಗೆ ಓಡುವಾಗಲೂ ತನ್ನ ಮಗ್ಗದ ಎಳೆ ಹರಿದದ್ದು ಸದ್ದಿನಲ್ಲೇ ತಿಳಿಯುತ್ತದೆ ಎಂದು ನೇಕಾರರು ಹೇಳುವುದನ್ನು ಕೇಳಿದ್ದೇನೆ. ಇಲ್ಲಿಯೂ ಅದೇ ಕೆಲಸ: ಹತ್ತು ಸದ್ದಿನೊಳಗೆ ಒಂದನ್ನು ಹಿಡಿಯುವುದು. ಎರಡನೇ ವಾರ ದುಂ-ದುಂ ಆದ ಮೇಲೆ ಬಾಯಿಬಿಟ್ಟು ‘ಒಂದು’ ಎನ್ನಿ. ಅಷ್ಟೇ, ಎರಡು-ಮೂರು ಬೇಡ. ಮೂರನೇ ವಾರ ನಿಂತಲ್ಲೇ ಮೈಭಾರ ಬದಲಿಸಿ. ಹಾಡಿನ ಕೊನೆಯ ಭಾಗದಲ್ಲಿ, ಹಿಮ್ಮೇಳದವರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವಾಗ, ಬೊಂಗೊ ಎಂಬ ಪುಟ್ಟ ಜೋಡಿ ಚರ್ಮವಾದ್ಯ ಬಾರಿಸುವವನು ಕೈಗೆ ದೊಡ್ಡ ಗಂಟೆ ತೆಗೆದುಕೊಳ್ಳುತ್ತಾನೆ. ಅದರ ಗಟ್ಟಿ ಪೆಟ್ಟು ಒಂದು, ಮೂರು, ಐದು, ಏಳರ ಮೇಲೆ ನೇರವಾಗಿ ಬೀಳುತ್ತದೆ. ಹಾಡಿನ ಶುರುವಿನಲ್ಲಿ ದಾರಿ ತಪ್ಪಿದವರಿಗೂ ಅಲ್ಲಿ ದಾರಿ ಸಿಗುತ್ತದೆ.

ಕೋಂಗಾ ನಿಮಗೆ ಒಂದನ್ನೂ ಐದನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಅದರ ಬಾಜು ನಾಲ್ಕಕ್ಕೇ ತಿರುಗುತ್ತದೆ. ಕೆಹರ್ವಾದಲ್ಲಿ ಐದನೇ ಮಾತ್ರೆ ಖಾಲಿ, ತಬಲಾ ಜೋಡಿಯ ಡಗ್ಗಾ ಸುಮ್ಮನಾಗುತ್ತದೆ, ಹಾಗಾಗಿ ತಿಳಿಯುತ್ತದೆ. ಇಲ್ಲಿ ಆ ಕೆಲಸ ಕ್ಲಾವೆಯದು. ಎರಡು ಮರದ ಕಡ್ಡಿ ಬಡಿದು ಹೊರಡಿಸುವ ಐದು ಪೆಟ್ಟು, ಎಂಟು ಎಣಿಕೆಗೆ ಒಂದು ಸುತ್ತು. ಒಂದು, ಎರಡೂವರೆ, ನಾಲ್ಕು; ಆಮೇಲೆ ಆರು, ಏಳು. ಒಂದು ಬದಿಗೆ ಮೂರು ಪೆಟ್ಟು, ಇನ್ನೊಂದು ಬದಿಗೆ ಎರಡು. ಕೆಲವು ಹಾಡಿನಲ್ಲಿ ಎರಡು ಮೊದಲು, ಮೂರು ಆಮೇಲೆ. ಅನೇಕ ಹಾಡುಗಳಲ್ಲಿ ಯಾರೂ ಕಡ್ಡಿ ಬಡಿಯುವುದೇ ಇಲ್ಲ, ಆದರೂ ಪಿಯಾನೊ, ಹಾಡುಗಾರನ ಸಾಲು, ತುತ್ತೂರಿ ಎಲ್ಲ ಆ ಅಚ್ಚಿನ ಸುತ್ತಲೇ ಕಟ್ಟಿಕೊಂಡಿರುತ್ತವೆ. ಕೈಯಲ್ಲಿ ತಟ್ಟಿ ನೋಡಿ, ನಾಲ್ಕು ದಿನ ಒದ್ದಾಡುತ್ತೀರಿ, ಐದನೆಯ ದಿನ ಬರುತ್ತದೆ. ಅಲ್ಲಿಯವರೆಗೆ ಐದರ ಮೇಲೆ ಶುರು ಮಾಡಿಬಿಟ್ಟರೂ ಚಿಂತಿಸಬೇಡಿ; ಜೊತೆಗಾರರಿಗೆ ತೊಂದರೆ ಇಲ್ಲ. ಎರಡರ ಮೇಲೋ ನಾಲ್ಕರ ಮೇಲೋ ಶುರು ಮಾಡಿದರೆ ಇಬ್ಬರೂ ಎಡವುತ್ತೀರಿ. ನ್ಯೂಯಾರ್ಕ್ ಶೈಲಿಯವರು ಎರಡರ ಮೇಲೆ ದಿಕ್ಕು ಬದಲಿಸುತ್ತಾರೆ, ಅದು ಬೇರೆ ಕಲಿಕೆ. ನಿಮ್ಮ ಕ್ಲಾಸಿನಲ್ಲಿ ಹೇಳಿಕೊಡುತ್ತಿರುವುದು ಒಂದರ ಮೇಲಿನದು ಎಂದುಕೊಂಡು ಹೇಳುತ್ತಿದ್ದೇನೆ.

ಇನ್ನೊಂದು ಮಾತು, ವೇಗದ್ದು. ನಿಮಿಷಕ್ಕೆ 180 ಎಣಿಕೆಯ ಹಾಡು ಸೋಷಿಯಲ್‌ನಲ್ಲಿ ಸಾಮಾನ್ಯ. ಅಂದರೆ ಎಂಟು ಎಣಿಕೆ ಮೂರು ಸೆಕೆಂಡಿನೊಳಗೆ ಮುಗಿಯುತ್ತದೆ. ನಾಲ್ಕು ನಿಮಿಷದ ಒಂದು ಹಾಡಿಗೆ 540 ಹೆಜ್ಜೆ. ಇಷ್ಟು ಹೆಜ್ಜೆಯನ್ನು ದೊಡ್ಡದಾಗಿ ಇಡಲು ಯಾರಿಂದಲೂ ಆಗುವುದಿಲ್ಲ. ಹಾಡು ಜೋರಾದಂತೆ ಹೆಜ್ಜೆ ಗಿಡ್ಡವಾಗಬೇಕು, ಒಂದು ಟೈಲ್ಸಿನ ಅಳತೆ ದಾಟಬಾರದು. ಪ್ರತಿ ಎಣಿಕೆಗೂ ಪೂರ್ತಿ ಭಾರ ಒಂದೇ ಕಾಲಿನ ಮೇಲೆ ಬರಬೇಕು. ಭಾರ ಎರಡೂ ಕಾಲಿಗೆ ಹಂಚಿಹೋದರೆ ಮುಂದಿನ ಹೆಜ್ಜೆಗೆ ಯಾವ ಕಾಲು ಎತ್ತಬೇಕೆಂದು ಮೈಗೆ ತಿಳಿಯುವುದಿಲ್ಲ, ಆಗ ‘ಒಂದು’ ಗೊತ್ತಿದ್ದರೂ ಪ್ರಯೋಜನವಿಲ್ಲ. ಸೊಂಟ ಕುಣಿಸಲು ನಾಚಿಕೆ ಎಂದು ಬಹಳ ಹೆಣ್ಣುಮಕ್ಕಳು ನನಗೆ ಹೇಳುತ್ತಾರೆ. ಸೊಂಟವನ್ನು ಕುಣಿಸಬೇಕಾಗಿಯೇ ಇಲ್ಲ. ಮಂಡಿ ಮಡಿಸಿ, ಭಾರ ಬಿಟ್ಟು, ಮಂಡಿ ನೆಟ್ಟಗೆ ಮಾಡಿದರೆ ಸೊಂಟ ತಾನಾಗಿ ಓರೆಯಾಗುತ್ತದೆ. ತುಂಬಿದ ಕೊಡ ಹೊತ್ತು ನಡೆದವರ ಸೊಂಟ ನೋಡಿ, ಅದೇ ಚಲನೆ.

ಈಗ ಜೊತೆಗಾರರನ್ನು ಬದಲಿಸುವ ವಿಷಯ. ಇದರಲ್ಲಿ ನನ್ನ ಮಾತು ನೇರ: ಬದಲಿಸದ ಕ್ಲಾಸಿನಲ್ಲಿ ಸಾಲ್ಸಾ ಕಲಿಯಲಾಗುವುದಿಲ್ಲ. ಸಾಲ್ಸಾದಲ್ಲಿ ಮೊದಲೇ ಗೊತ್ತುಮಾಡಿದ ಕುಣಿತ ಇಲ್ಲ. ಲೀಡ್ ಮಾಡುವವರು ಆ ಕ್ಷಣದಲ್ಲಿ ಕೈಯಿಂದ ಒಂದು ಸೂಚನೆ ಕೊಡುತ್ತಾರೆ, ಫಾಲೋ ಮಾಡುವವರು ಅದನ್ನು ಓದಿ ತಮ್ಮದೊಂದು ಉತ್ತರ ಕೊಡುತ್ತಾರೆ. ಒಬ್ಬರ ಜೊತೆಗೇ ಆರು ತಿಂಗಳು ಕುಣಿದರೆ ಅವರ ಅಭ್ಯಾಸ ಬಾಯಿಪಾಠವಾಗುತ್ತದೆ, ಓದುವುದು ಬರುವುದಿಲ್ಲ. ನಾಲ್ಕು ವರ್ಷದ ಹಿಂದೆ ಗಂಡ-ಹೆಂಡತಿ ಇಬ್ಬರು ನಾನು ಕಲಿಸುವ ಕ್ಲಾಸಿಗೆ ಬಂದರು, ಬದಲಿಸುವುದಿಲ್ಲ ಎಂಬ ಕರಾರಿನ ಮೇಲೆ. ಒಪ್ಪಿದೆ. ಮನೆಯಲ್ಲಿ ದಿನಾ ಅಭ್ಯಾಸ ಮಾಡುತ್ತಿದ್ದರು, ನೋಡಲು ಚೆಂದವಾಗಿಯೇ ಇತ್ತು. ಐದನೇ ತಿಂಗಳು ಆಕೆಯೇ ನನ್ನ ಹತ್ತಿರ ಬಂದು, “ಅಕ್ಕಾ, ಅವರು ಕೈ ಎತ್ತೂದ್ರೊಳಗ ನಾ ತಿರಗಿ ಮುಗಿಸಿರ್ತೀನ್ರೀ. ಇದು ಕುಣಿಯೂದ ಅಲ್ಲ” ಎಂದಳು. ಮರುವಾರದಿಂದ ಇಬ್ಬರೂ ಜೊತೆ ಬದಲಿಸುವ ಸುತ್ತಿನಲ್ಲಿ ಸೇರಿದರು.

ಜೋಡಿ ಬದಲಾಗುವುದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಕೋಲಾಟದ ಸುತ್ತಿನಲ್ಲಿ ಎದುರಿನವರಿಗೆ ಕೋಲು ಕೊಟ್ಟು ಮುಂದಿನವರ ಹತ್ತಿರ ಸಾಗುವುದನ್ನು ಊರೂರಲ್ಲಿ ಕಂಡಿದ್ದೇವೆ. ಕ್ಯೂಬಾದಲ್ಲಿ 1950ರ ದಶಕದಲ್ಲಿ ಹವಾನಾದ ಕುಣಿತದ ಅಂಗಳಗಳಲ್ಲಿ ಬೆಳೆದ ‘ರುಯೆಡಾ’ ನೋಡಿದರೆ ನಿಮಗೆ ಕೋಲಾಟವೇ ನೆನಪಾದೀತು. ಜೋಡಿಗಳೆಲ್ಲ ವೃತ್ತವಾಗಿ ನಿಲ್ಲುತ್ತವೆ, ಒಬ್ಬರು ಕೂಗಿ ಹೇಳುತ್ತಾರೆ, ಕೂಗಿದಂತೆ ಎಲ್ಲರೂ ಒಮ್ಮೆಗೇ ಜೊತೆ ಬದಲಿಸುತ್ತಾರೆ. ನಿಮ್ಮ ಸರ್‌ಗೆ ತಿಂಗಳಿಗೊಮ್ಮೆ ಇದನ್ನು ಕಲಿಸಲು ಕೇಳಿ. 14 ಜನ, ಏಳು ಜೋಡಿ, ಅದಕ್ಕೆ ಹೇಳಿಮಾಡಿಸಿದ ಲೆಕ್ಕ. ಎಲ್ಲರೂ ಒಟ್ಟಿಗೆ ತಪ್ಪುವುದರಿಂದ ಒಬ್ಬರ ತಪ್ಪು ಎದ್ದು ಕಾಣುವುದಿಲ್ಲ, ಹೊಸಬರ ಭಯ ಅಲ್ಲೇ ಹೋಗುತ್ತದೆ.

ಬದಲಿಸುವುದು ಸರಿ ಎಂದ ಮೇಲೆ ಕೈ ನೋಯುವುದನ್ನು ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ. ಸಾಲ್ಸಾದಲ್ಲಿ ಕೈ ಹಿಡಿಯುವುದಿಲ್ಲ, ಕೈ ಇಡುತ್ತೇವೆ. ಲೀಡ್ ಮಾಡುವವರು ನಾಲ್ಕು ಬೆರಳನ್ನು ಸ್ವಲ್ಪ ಬಾಗಿಸಿ ಮುಂದೆ ಚಾಚುತ್ತಾರೆ. ನಿಮ್ಮ ಬೆರಳು ಅದರ ಮೇಲೆ, ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆಯ ಹಾಗೆ, ಬಾಗಿ ಕೂರುತ್ತದೆ. ಹೆಬ್ಬೆರಳಿಗೆ ಕೆಲಸವಿಲ್ಲ. ಅವರ ಹೆಬ್ಬೆರಳು ನಿಮ್ಮ ಅಂಗೈ ಬೆನ್ನಿನ ಮೇಲೆ ಒತ್ತಿ ಕೂತರೆ, ತಿರುಗುವಾಗ ನಿಮ್ಮ ಬೆರಳು ಜಾರಿಕೊಳ್ಳಲು ಜಾಗವಿಲ್ಲ. ತಿರುವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ನಿಮಗೆ ನೋಯುತ್ತಿರುವುದು ಹೀಗೆಯೇ ಇರಬೇಕು. ಬಲಕ್ಕೆ ತಿರುಗಿಸುವಾಗ ಅವರ ಕೈ ನಿಮ್ಮ ನೆತ್ತಿಯ ಮೇಲೆ ಇರಬೇಕು, ಹಿಂದೆ ಎಳೆದರೆ ಭುಜಕ್ಕೂ ಪೆಟ್ಟು.

ನಾನು ಕಲಿಯುವಾಗ, ಬೇರೆ ಊರಿನಲ್ಲಿ, ಒಬ್ಬ ಹಳೆಯ ವಿದ್ಯಾರ್ಥಿ ನನ್ನನ್ನು ಎರಡು ಸುತ್ತು ಜಗ್ಗಿ ತಿರುಗಿಸಿದ. ಮಣಿಕಟ್ಟು ಊದಿ ಮೂರು ವಾರ ರೊಟ್ಟಿ ಬಡಿಯಲಾಗಲಿಲ್ಲ. ಕಲಿಸುವವರಿಗೆ ಹೇಳಿದರೆ, “ನೀವು ಕೈ ಬಿಗಿ ಹಿಡಿದಿರಬೇಕು” ಎಂದರು. ಆ ಕ್ಲಾಸನ್ನು ನಾನು ಬಿಟ್ಟೆ. ನೋವಿಗಿಂತ ಆ ಮಾತಿಗೆ ಬಿಟ್ಟೆ. ಇವತ್ತು ನನ್ನ ಹಾಲ್‌ನಲ್ಲಿ ಯಾರು “ನೋಯ್ತದ್ರೀ” ಎಂದರೂ ಹಾಡು ನಿಲ್ಲಿಸಿ ಮೊದಲು ಅದನ್ನು ನೋಡುತ್ತೇವೆ.

ಆದ್ದರಿಂದ ಮುಂದಿನ ಸಲ ಅವರ ಸರದಿ ಬಂದಾಗ, ಶುರುವಿಗೆ ಮುಂಚೆಯೇ ಹೇಳಿ: “ಹೆಬ್ಬೆರಳು ತೆಗೀರಿ ಅಣ್ಣಾ, ನನಗ ಮಣಿಕಟ್ಟ ನೋಯ್ತದ.” ಹೆಚ್ಚಿನವರಿಗೆ ತಾವು ಒತ್ತುತ್ತಿರುವುದೇ ತಿಳಿದಿರುವುದಿಲ್ಲ, ಗಾಬರಿಯಾದವರ ಹೆಬ್ಬೆರಳು ತಾನಾಗಿಯೇ ಬಿಗಿಯುತ್ತದೆ. ಹೇಳಿದ ಮೇಲೂ ಒತ್ತಿದರೆ ಕೈ ಬಿಡಿಸಿಕೊಂಡು, ನಿಂತು, ಸರ್‌ಗೆ ಹೇಳಿ. ಆಗ ಸರ್ ಏನು ಮಾಡುತ್ತಾರೆ ಎನ್ನುವುದನ್ನು ಗಮನಿಸಿ. ಒಂದು ಸಾಲ್ಸಾ ಶಾಲೆ ಎಂಥದ್ದು ಎಂದು ತಿಳಿಯಲು ನನಗೆ ಗೊತ್ತಿರುವ ಪರೀಕ್ಷೆ ಇದೇ. ಅವರು ಬಂದು ಇಬ್ಬರ ಕೈಯನ್ನೂ ನೋಡಿ, ತಾವೇ ಹಿಡಿದು ತೋರಿಸಿದರೆ ಅದು ನಿಲ್ಲಬೇಕಾದ ಕ್ಲಾಸು. “ಅಡ್ಜಸ್ಟ್ ಮಾಡ್ಕೊಳ್ರಿ” ಎಂದರೆ ಊರಿನಲ್ಲಿ ಅದೊಂದೇ ಕ್ಲಾಸಿದ್ದರೂ ಬಿಡಿ.

ಕುಣಿಯಲು ಯಾರೇ ಕರೆದರೂ ‘ಈ ಹಾಡಿಗೆ ಬೇಡ’ ಎನ್ನುವ ಹಕ್ಕು ನಿಮಗಿದೆ, ಕಾರಣ ಹೇಳಬೇಕಿಲ್ಲ, ಕರೆದವರು ಮುಖ ಸಣ್ಣ ಮಾಡಿಕೊಳ್ಳಬಾರದು. ನೀವೂ ಕರೆಯಬಹುದು. ಗಂಡಸರೇ ಕರೆಯಬೇಕೆಂಬುದು ಹಳೆಯ ಪದ್ಧತಿ.

ನಿಮ್ಮ ಮನೆಯವರ ವಿಷಯಕ್ಕೆ ಬರುತ್ತೇನೆ. ಅವರಿಗೆ ಕಾಣುತ್ತಿರುವುದು ಮೊಬೈಲಿನಲ್ಲಿ ಬರುವ ವಿಡಿಯೊ: ಕಡಿಮೆ ಬಟ್ಟೆ, ಅಪ್ಪಿಕೊಂಡ ಮೈ. ಕ್ಲಾಸಿನಲ್ಲಿ ನಡೆಯುವುದು ಅದಲ್ಲ ಎಂದು ಬಾಯಲ್ಲಿ ಎಷ್ಟು ಹೇಳಿದರೂ ನಂಬುವುದು ಕಷ್ಟ. ಅವರನ್ನು ಒಂದು ದಿನ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿ. ಕುಣಿಯಬೇಕೆಂದು ಒತ್ತಾಯ ಬೇಡ. ಬೆವರು ಒರೆಸಿಕೊಳ್ಳುತ್ತ ‘ಐದ್-ಆರ್-ಏಳ್’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿರುವ ಹತ್ತು ಜನರನ್ನು ಒಂದು ತಾಸು ನೋಡಿದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ. ಜೊತೆಗೆ ಒಂದು ವಾಸ್ತವ: ಸಾಲ್ಸಾದ ಮುಕ್ಕಾಲು ಭಾಗವನ್ನು ಬರೀ ಕೈ ಮುಟ್ಟಿ, ಒಂದು ತೋಳಿನ ದೂರದಲ್ಲಿ ನಿಂತೇ ಕುಣಿಯಬಹುದು. ನಿಮಗೆ ಅಷ್ಟೇ ಸಾಕೆನಿಸಿದರೆ ಅಷ್ಟೇ ಇರಲಿ, ಸರ್‌ಗೆ ಮೊದಲೇ ಹೇಳಿ. ಕೆಲವು ಕ್ಲಾಸಿನಲ್ಲಿ ಡೊಮಿನಿಕನ್ ಗಣರಾಜ್ಯದ ಬಚಾಟಾವನ್ನೂ ಸೇರಿಸಿ ಕಲಿಸುತ್ತಾರೆ. ಅದರಲ್ಲಿ ಹತ್ತಿರ ನಿಲ್ಲುವುದು ಹೆಚ್ಚು, ಅದು ಬೇಡವೆಂದರೆ ಆ ಅರ್ಧ ತಾಸು ಕೂತಿರಿ. ಇಷ್ಟಾದ ಮೇಲೂ ಅವರಿಗೆ ಇಷ್ಟವಾಗದಿದ್ದರೆ, ಮುಂದಿನದು ನೀವಿಬ್ಬರು ಕೂತು ತೀರ್ಮಾನಿಸುವ ವಿಷಯ. ಅವರ ಮುಜುಗರವನ್ನು ಹಾಸ್ಯ ಮಾಡಬೇಡಿ, ನಿಮ್ಮ ಆಸೆಯನ್ನು ಸಣ್ಣದೆಂದು ಕೂಡ ಭಾವಿಸಬೇಡಿ. ದಿನವಿಡೀ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂರುವ ಹೆಣ್ಣುಮಗಳು ವಾರಕ್ಕೆ ಮೂರು ತಾಸು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾಳೆಂದರೆ ಅದು ದೊಡ್ಡದು.

22 ಜನ 14 ಆದದ್ದಕ್ಕೆ ನಿಮ್ಮ ಸರ್ ಕಾರಣರಲ್ಲದಿರಬಹುದು. ಬೆಳಗಾವಿಯ ಕ್ಲಾಸುಗಳಿಗೆ ತಮ್ಮದೇ ಋತು ಇದೆ. ಜೂನ್‌ನಿಂದ ಮಳೆ, ನಮ್ಮ ಊರಿನ ಮಳೆ ಗೊತ್ತಲ್ಲ, ಅನಗೋಳದಿಂದ ಟಿಳಕವಾಡಿಗೆ ಬರುವುದೂ ಬೇಡ ಅನಿಸುತ್ತದೆ. ಗಣಪತಿಗೆ ಮುಂಚೆ ಹುಡುಗರೆಲ್ಲ ಪಥಕದ ಅಭ್ಯಾಸಕ್ಕೆ ಹೋಗುತ್ತಾರೆ. ಇಂಜಿನಿಯರಿಂಗ್ ಹುಡುಗರಿಗೆ ಪರೀಕ್ಷೆ, ಕ್ಯಾಂಪಿನ ಫೌಜಿ ಕುಟುಂಬಗಳಿಗೆ ವರ್ಗಾವಣೆ, ದೀಪಾವಳಿ ಕಳೆದರೆ ಮದುವೆಗಳು. ಜನ ಬರುತ್ತಾರೆ, ಹೋಗುತ್ತಾರೆ. ವರ್ಷವಿಡೀ ಉಳಿಯುವ ಎಂಟು-ಹತ್ತು ಜನ ಯಾರೋ ಅವರೇ ಶಾಲೆ. ನಾನು ನೋಡಿದಂತೆ ಈ ಎಂಟು-ಹತ್ತು ಜನ ಹೊಸಬರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಬಲ್ಲವರು ಬಲ್ಲವರ ಜೊತೆಗೇ ಕುಣಿದರೆ ಹೊಸಬರು ಗೋಡೆ ಹಿಡಿಯುತ್ತಾರೆ, ಮೂರನೇ ಸಲ ಬರುವುದಿಲ್ಲ. ನೀವು ಗೋಡೆಗೆ ಕೂತು ಬಂದದ್ದರಲ್ಲಿ ನಿಮ್ಮ ಕಿವಿಯ ಪಾಲು ಎಷ್ಟಿದೆಯೋ ಅವರ ಪಾಲೂ ಅಷ್ಟೇ ಇದೆ. ನಮ್ಮಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಹಳಬರು ಮೂರು ಹಾಡಿಗೊಮ್ಮೆ ಹೊಸಬರ ಜೊತೆ ಕುಣಿಯಬೇಕು, ಆ ಹಾಡಿನಲ್ಲಿ ಬೇಸಿಕ್ ಅಂದರೆ ಮೂಲ ಹೆಜ್ಜೆ, ಒಂದು ಬಲ ತಿರುವು, ಜೊತೆಗಾರರನ್ನು ತಮ್ಮ ಎದುರಿನಿಂದ ಆಚೆ ಬದಿಗೆ ದಾಟಿಸುವ ಒಂದು ಕ್ರಾಸ್ ಬಾಡಿ ಬಿಟ್ಟು ಬೇರೇನೂ ಮಾಡಬಾರದು. ಕುಣಿಯುವಾಗ ಪಾಠ ಹೇಳಬಾರದು. ನಿಮ್ಮ ಸರ್‌ಗೆ ಇದನ್ನು ತೋರಿಸಿ.

ಗಂಡಸರು ಕಡಿಮೆಯಾದರೆ ಹೆಣ್ಣುಮಕ್ಕಳು ಲೀಡ್ ಕಲಿಯಲಿ. ನೀವೇ ಶುರು ಮಾಡಿ. ಎರಡೂ ಬದಿ ಕಲಿತವರಿಗೆ ಸಂಗೀತ ಬೇಗ ಕೇಳಿಸುತ್ತದೆ, ಯಾಕೆಂದರೆ ಲೀಡ್ ಮಾಡುವವರು ‘ಒಂದು’ ಹುಡುಕಲೇಬೇಕು, ಬೇರೆಯವರನ್ನು ನಂಬಿ ಹೋಗುವ ಹಾಗಿಲ್ಲ.

ಬೆಳಗಾವಿಯಂಥ ಊರಿನ ಸಾಲ್ಸಾ ಕ್ಲಾಸಿನ ಬಗ್ಗೆ ನನಗೆ ಬಹಳ ಪ್ರೀತಿ, ಅದಕ್ಕೆ ಕಾರಣವೂ ಇದೆ. ನನ್ನ ಹಾಲ್‌ನಲ್ಲಿ ಎಣಿಕೆ ಒಂದು ಬದಿಯಿಂದ ‘ಒಂದ್-ಎರ್ಡ್-ಮೂರ್’ ಎಂದು, ಇನ್ನೊಂದು ಬದಿಯಿಂದ ‘ಏಕ್-ದೋನ್-ತೀನ್’ ಎಂದು ಬರುತ್ತದೆ, ನಡುವೆ ಉರ್ದು, ಕೊಂಕಣಿ. ಭಾಷೆಯ ಜಗಳ ಈ ಊರಿಗೆ ಹೊಸದಲ್ಲ, ಆದರೆ ನಾಲ್ಕರ ಮೇಲಿನ ನಿಲುಗಡೆಯಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಈ ಕುಣಿತ ಹುಟ್ಟಿದ್ದೂ ಬೆರಕೆಯಲ್ಲೇ. ಕ್ಯೂಬಾದ ಪೂರ್ವಭಾಗದ ‘ಸೊನ್’ ಎಂಬ ಸಂಗೀತದಲ್ಲಿ ಸ್ಪ್ಯಾನಿಷ್ ತಂತಿವಾದ್ಯವೂ ಆಫ್ರಿಕಾದ ಚರ್ಮವಾದ್ಯವೂ ಸೇರಿದವು. ಆ ಆಫ್ರಿಕನ್ನರು ಹಡಗಿನಲ್ಲಿ ಗುಲಾಮರಾಗಿ ಬಂದವರು, ಹೆಚ್ಚಾಗಿ ಕಬ್ಬಿನ ಗದ್ದೆಗಳಿಗಾಗಿ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಯಾದದ್ದು 1886ರಲ್ಲಿ. ಆ ತಾಳಗಳು ಮುಂದೆ ನ್ಯೂಯಾರ್ಕ್ ಸೇರಿದವು. ಅಲ್ಲಿನ ಪಲೇಡಿಯಂ ಎಂಬ ಕುಣಿತದ ಹಾಲ್‌ನಲ್ಲಿ 1950ರ ದಶಕದಲ್ಲಿ ಪೋರ್ಟೊರಿಕೊದವರು, ಕರಿಯರು, ಇಟಲಿಯವರು, ಯಹೂದಿಗಳು ಒಂದೇ ನೆಲದ ಮೇಲೆ ಸಾಲ್ಸಾಕ್ಕೂ ಮುಂಚಿನ ಮ್ಯಾಂಬೊ ಕುಣಿದರು. ಹೊರಗೆ ಬೀದಿಯಲ್ಲಿ ಅವರ ನಡುವೆ ಎಷ್ಟೋ ಗೋಡೆಗಳಿದ್ದ ಕಾಲ ಅದು. 1964ರಲ್ಲಿ ಜಾನಿ ಪಚೆಕೊ ಮತ್ತು ಜೆರಿ ಮಸೂಚಿ ಶುರು ಮಾಡಿದ ಫಾನಿಯಾ ಕಂಪನಿಯ ಧ್ವನಿಮುದ್ರಿಕೆಗಳ ಮೂಲಕ ‘ಸಾಲ್ಸಾ’ ಎಂಬ ಹೆಸರು 1970ರ ದಶಕದಲ್ಲಿ ಹರಡಿತು. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ಸಾರು, ಗೊಜ್ಜು ಎಂಬಂಥದ್ದೇ. ಕ್ಯೂಬಾದಿಂದ ಬಂದ ಮಹಾಗಾಯಕಿ ಸೆಲಿಯಾ ಕ್ರೂಸ್ ಹಾಡಿನ ನಡುವೆ “ಆಸೂಕರ್!” ಎಂದು ಕೂಗುತ್ತಿದ್ದರು. ಅಂದರೆ ಸಕ್ಕರೆ. ನಮ್ಮ ಜಿಲ್ಲೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದೆ ನಿಂತು ಕಾಯದವರು ಯಾರಿದ್ದಾರೆ? ರಾಯಬಾಗ ಕಡೆಯಿಂದ ಶನಿವಾರ ಬಸ್ಸಿನಲ್ಲಿ ಬರುವ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿದ್ದಾನೆ, ಕಬ್ಬು ಬೆಳೆಯುವವರ ಮಗ. ಆ ಕೂಗಿನ ಅರ್ಥ ಹೇಳಿದ ದಿನ ಅವನು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ, “ಹಂಗಾದ್ರ ಇದು ಗದ್ದಿ ಮಂದಿ ಕುಣಿತ ಐತ್ರಿ” ಎಂದ. ಅವತ್ತಿನಿಂದ ಅವನ ಮಂಡಿ ಬಾಗಿತು, ಕುಣಿತಕ್ಕೆ ತೂಕ ಬಂತು.

ಪುಣೆ ಇಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು. ಪ್ರತಿ ವಾರ ಹೋಗಿಬಂದರೆ ದಣಿವಿಗೇ ನಾಲ್ಕು ತಿಂಗಳಲ್ಲಿ ಬಿಡುತ್ತೀರಿ. ‘ಒಂದು’ ಕಿವಿಗೆ ಬಿದ್ದ ಮೇಲೆ, ಕೈ ಹಗುರಾದ ಮೇಲೆ, ವರ್ಷಕ್ಕೆರಡು ಸಲ ಎರಡು ದಿನದ ಕಾರ್ಯಾಗಾರಕ್ಕೆ ಹೋಗಿ. ಚೋರ್ಲಾ ಘಾಟ್ ಇಳಿದರೆ ಗೋವಾ ಇನ್ನೂ ಹತ್ತಿರ. ಒಬ್ಬರೇ ಹೋಗುವ ಬದಲು ನಾಲ್ಕು ಜನ ಸೇರಿ ಹೋಗಿ, ಕಲಿತದ್ದನ್ನು ತಂದು ಇಲ್ಲಿ ಉಳಿದ ಹತ್ತು ಜನಕ್ಕೆ ಹೇಳಿಕೊಡಿ. ಅಪರಿಚಿತರ ಕೈ ಓದಲು ಅಲ್ಲಿ ಬೇಕಾದಷ್ಟು ಅವಕಾಶ. ವಾರವಾರದ ಅಭ್ಯಾಸಕ್ಕೆ ನಿಮ್ಮ 14 ಜನ ಸಾಕು. ಫೀಸಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ತಿಂಗಳಿಗೆ ತಿಂಗಳು ಕೊಡಿ, ಆರು ತಿಂಗಳದ್ದು ಒಮ್ಮೆಗೇ ಕೊಡಬೇಡಿ.

ಚಪ್ಪಲಿಯ ವಿಷಯ ಯಾರೂ ಕೇಳುವುದಿಲ್ಲ, ಮಂಡಿ ನೋವು ಬಂದ ಮೇಲೆ ಕೇಳುತ್ತಾರೆ. ನಮ್ಮ ಹಾಲ್‌ಗಳೆಲ್ಲ ಕಾಂಕ್ರೀಟ್ ಮೇಲೆ ಟೈಲ್ಸ್ ಅಥವಾ ಗ್ರಾನೈಟ್. ರಬ್ಬರ್ ತಳದ ಸ್ಪೋರ್ಟ್ಸ್ ಶೂ ಹಾಕಿ ತಿರುಗಿದರೆ ಶೂ ನೆಲ ಕಚ್ಚಿ ನಿಲ್ಲುತ್ತದೆ, ಮೈ ತಿರುಗುತ್ತದೆ, ನಡುವಿನ ಮಂಡಿ ಹಿಂಡುತ್ತದೆ. ಬರಿಗಾಲಲ್ಲಿ ತಿರುಗಿದರೆ ಪಾದದ ಚರ್ಮ ಸುಲಿಯುತ್ತದೆ. ದುಬಾರಿ ಡ್ಯಾನ್ಸ್ ಶೂ ಬೇಕಿಲ್ಲ. ಹಿಂದೆ ಪಟ್ಟಿ ಇರುವ, ಕಾಲಿಗೆ ಬಿಗಿಯಾಗಿ ಕೂರುವ ಹಳೆಯ ಚಪ್ಪಲಿಯೊಂದನ್ನು ಚಮ್ಮಾರರ ಹತ್ತಿರ ಒಯ್ದು, ತಳಕ್ಕೆ ತೆಳು ಚರ್ಮವನ್ನು ಒರಟು ಮೈ ಹೊರಗೆ ಬರುವ ಹಾಗೆ ಅಂಟಿಸಿ ಹೊಲಿಸಿ. ಕೊಲ್ಹಾಪುರಿ ಚಪ್ಪಲಿ ಮಾಡುವ ಕೈಗಳಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ; 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕೂ ಜಿಲ್ಲೆ ಸೇರಿವೆ. ಅದನ್ನು ಚೀಲದಲ್ಲಿ ಒಯ್ದು ಹಾಲ್‌ನಲ್ಲೇ ಹಾಕಿಕೊಳ್ಳಿ. ಮಳೆ ನೀರು ತಾಗಿದರೆ ಆ ಚರ್ಮ ಗಟ್ಟಿಯಾಗಿ ನೆಲದ ಮೇಲೆ ಜಾರತೊಡಗುತ್ತದೆ, ಆಗ ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಒರಟು ಮಾಡಿ.

ಈ ತಿಂಗಳ ಸೋಷಿಯಲ್‌ಗೆ ಹೋಗಿ. ಬಾಗಿಲ ಬಳಿಯ ಕುರ್ಚಿ ಬೇಡ, ಸ್ಪೀಕರ್ ಹತ್ತಿರ ಕೂತುಕೊಳ್ಳಿ. ಮೊದಲ ಮೂರು ಹಾಡು ಬರೀ ದುಂ-ದುಂ ಹಿಡಿಯಿರಿ, ತೊಡೆಯ ಮೇಲೆ ಎರಡು ಬೆರಳು. ನಾಲ್ಕನೆಯದಕ್ಕೆ, ಕ್ಲಾಸಿನಲ್ಲಿ ಯಾರ ಕೈ ನಿಮಗೆ ಹಗುರ ಅನಿಸಿದೆಯೋ ಅವರ ಹತ್ತಿರ ನೀವೇ ಹೋಗಿ ಕೇಳಿ, ಬರೀ ಬೇಸಿಕ್ ಮಾಡೋಣ ಎನ್ನಿ. ಹಾಡು ಶುರುವಾದ ಕೂಡಲೇ ಹೆಜ್ಜೆ ಇಡಬೇಕಿಲ್ಲ. ಕೈ ಇಟ್ಟುಕೊಂಡು ಎರಡು ಸುತ್ತು ನಿಂತೇ ಕೇಳಿ, ಜೊತೆಗಾರರು ಕಾಯುತ್ತಾರೆ. ಮೂರನೇ ದುಂ-ದುಂ ಆದ ಮೇಲೆ ಬಲಗಾಲು ಹಿಂದೆ.